ಶಾಲೆಗೆ ಅನುದಾನ ಕೇಳೋಕೆ ಶಾಸಕರ ಹತ್ತಿರ ಹೋಗುವ ಮುಂಚೆ

ಸುರಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಮುಖ್ಯಗುರು ಆಗಿದ್ದೀರಿ, ಕೋಣೆಗಳು ಸೋರುತ್ತಿವೆ, ಶಾಸಕರನ್ನು ಕೇಳಬೇಕು, ಆದರೆ ನೌಕರಿಗೆ ಏನಾದರೂ ತೊಂದರೆ ಬಂದೀತಾ ಅನ್ನೋ ಅಳುಕು. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನಾನೂ ಯಾದಗಿರಿ ಜಿಲ್ಲೆಯಲ್ಲೇ ಮುಖ್ಯಗುರು ಆಗಿ ನಿವೃತ್ತಿ ಆದವನು. ನೋಡಿದ್ದನ್ನು ಹೇಳುತ್ತೇನೆ.

ಅಳುಕು ಬಿಡಿ. ಸರ್ಕಾರಿ ನೌಕರರ ನಡತೆ ನಿಯಮ ತಡೆಯೋದು ನಿಮ್ಮ ಸ್ವಂತ ವರ್ಗಾವಣೆ, ಬಡ್ತಿಗೆ ರಾಜಕೀಯ ಒತ್ತಡ ತರೋದನ್ನು. ಶಾಲೆಗೆ ಕೋಣೆ ಕೇಳೋದು ಬೇರೆ ಮಾತು. ಆದರೂ ಒಬ್ಬರೇ ಹೋಗಬೇಡಿ. ಮನವಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಹೆಸರಲ್ಲಿರಲಿ, ಸಮಿತಿಯವರು ಸಹಿ ಮಾಡಲಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಲಿ. ನಾಲ್ಕು ಜನ ಪಾಲಕರು ಜೊತೆಗಿದ್ದರೆ ಕುರ್ಚಿ ಬೇಗ ಸಿಗುತ್ತದೆ. ಅವರು ಮತದಾರರು, ನಾವು ಬರೀ ಮಾಸ್ತರು.

ಇನ್ನು ಅಸಲಿ ವಿಷಯ. "ಶಾಲೆಗೆ ಅನುದಾನ ಕೊಡಿ ಸಾಹೇಬ್ರೇ" ಅಂತ ಬರೆದ ಅರ್ಜಿ ಆಪ್ತ ಸಹಾಯಕರ ಮೇಜಿನ ಮೇಲೇ ಉಳಿಯುತ್ತದೆ. ಯಾವ ದುಡ್ಡಿನಿಂದ ಕೊಡಬಹುದು ಅನ್ನೋದನ್ನೂ ನೀವೇ ಬರೆಯಬೇಕು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದಕ್ಕೆ ಇಡೀ ಕ್ಷೇತ್ರದ ಗುಡಿ, ಸಮುದಾಯ ಭವನ, ಸಿಸಿ ರಸ್ತೆ ಎಲ್ಲ ಬಾಯಿ ತೆರೆದು ಕೂತಿರುತ್ತವೆ. ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ದಾರಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಹುಟ್ಟಿದ್ದು, ಕಚೇರಿ ಕಲಬುರಗಿಯಲ್ಲೇ ಇದೆ, 2023-24ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ಘೋಷಣೆ ಆಯಿತು. ಅಲ್ಲಿ ತಾಲ್ಲೂಕಿನ ಹಿಂದುಳಿದಿರುವಿಕೆಯೂ ಲೆಕ್ಕಕ್ಕೆ ಬರುತ್ತದೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಸುರಪುರ, ಶಹಾಪುರ, ಯಾದಗಿರಿ ಮೂರನ್ನೂ ಅತ್ಯಂತ ಹಿಂದುಳಿದ ಪಟ್ಟಿಗೆ ಹಾಕಿದೆ. ಮನವಿಯಲ್ಲಿ ಈ ಒಂದು ಸಾಲು ಇರಲಿ, ಇತಿಹಾಸ ಬೇಡ.

ಮನವಿ ಒಂದೇ ಪುಟ ಸಾಕು. ಅದರ ಹಿಂದೆ ಪಂಚಾಯತ್ ರಾಜ್ ಎಂಜಿನಿಯರಿಂಗ್‌ ವಿಭಾಗದವರ ಎಸ್ಟಿಮೇಟ್ ಇರಲಿ, ಶಾಲೆ ಜಾಗದ ಕಾಗದ ಇರಲಿ. ಆ ಕಾಗದವೇ ದೊಡ್ಡ ತಲೆನೋವು. ಹಳೇ ಶಾಲೆಗಳ ಜಾಗ ಯಾರೋ ಪುಣ್ಯಾತ್ಮರು ಬಾಯಿ ಮಾತಲ್ಲಿ ಕೊಟ್ಟಿದ್ದು, ಪಹಣಿಯಲ್ಲಿ ಇನ್ನೂ ಅವರ ತಾತನ ಹೆಸರೇ ಇರುತ್ತದೆ, ಮಂಜೂರಾದ ಕೋಣೆ ಅಷ್ಟಕ್ಕೇ ಪಕ್ಕದ ಊರಿಗೆ ಹೋಗಿಬಿಡುತ್ತದೆ. ಫೋಟೋ ಮಳೆಗಾಲದಲ್ಲೇ ತೆಗೆಯಿರಿ. ಶಹಾಬಾದ್ ಕಲ್ಲಿನ ಚಾವಣಿ ಸಂದಿಯಿಂದ ನೀರಿಳಿದು, ಬೆಂಚುಗಳನ್ನೆಲ್ಲ ಒಂದು ಗೋಡೆಗೆ ಒತ್ತರಿಸಿ, ನಡುವೆ ಬಿಸಿಯೂಟದ ಬೋಗುಣಿ ಇಟ್ಟಿರೋ ಫೋಟೋ ಮಾರ್ಚ್‌ನಲ್ಲಿ ಸಿಗಲ್ಲ. ಬಿಸಿಲಲ್ಲಿ ಎಲ್ಲ ಚಾವಣಿಯೂ ಗಟ್ಟಿಯಾಗೇ ಕಾಣುತ್ತದೆ.

ಯುಡೈಸ್ ಅಂದರೆ ಪ್ರತಿ ಶಾಲೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬುವ ದಾಖಲೆ, ಅದರಲ್ಲಿ ನಿಮ್ಮ ಶಾಲೆಯ ಮಾಹಿತಿ ಸರಿ ಇದೆಯಾ ನೋಡಿ. ಇದನ್ನು ಯಾರೂ ಹೇಳಲ್ಲ. ಶಾಸಕರು ನಿಮ್ಮ ಮನವಿ ಹಿಡಿದು ಸದನದಲ್ಲಿ ಪ್ರಶ್ನೆ ಕೇಳಿದರು ಅಂತ ಇಟ್ಟುಕೊಳ್ಳಿ. ಇಲಾಖೆ ಉತ್ತರ ಬರೆಯೋದು ಈ ದಾಖಲೆಯನ್ನು ನೋಡಿಕೊಂಡು. ಅದರಲ್ಲಿ ನಿಮ್ಮ ಸೋರುವ ಕೋಣೆಗಳೆಲ್ಲ "ಸುಸ್ಥಿತಿ" ಅಂತ ತುಂಬಿದ್ದರೆ ಉತ್ತರವೂ ಸುಸ್ಥಿತಿ ಅಂತಲೇ ಬರುತ್ತದೆ, ಕೇಳಿದ ಶಾಸಕರಿಗೆ ಮುಜುಗರ, ಮತ್ತೆ ನಿಮ್ಮ ಮನವಿ ಮುಟ್ಟಲ್ಲ.

ಭೇಟಿಗೆ ಬಜೆಟ್ ತಿಂಗಳು ಬೇಡ, ಆಗ ಎಲ್ಲ ಮುಗಿದಿರುತ್ತದೆ. ದೀಪಾವಳಿ ಆಸುಪಾಸು ಒಳ್ಳೆಯದು, ಬೆಳಗಾವಿ ಅಧಿವೇಶನವೂ ಎದುರಿಗಿರುತ್ತದೆ. ಫಲಿತಾಂಶದ ಮಾತು ಖಂಡಿತ ಎತ್ತಿ. ಎಸ್ಸೆಸ್ಸೆಲ್ಸಿಯಲ್ಲಿ 2024ಕ್ಕೆ ಯಾದಗಿರಿ ಕೊನೆ, 2025ಕ್ಕೆ ಕಲಬುರಗಿ ಕೊನೆ. ಇದು ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ, ಶಾಸಕರಿಗೂ ಚುಚ್ಚುತ್ತದೆ. ಆದರೆ ಪಾಲಕರ ಮುಂದೆ ಅವರನ್ನು ಚುಚ್ಚೋಕೆ ಹೋಗಬೇಡಿ.

ಮಾಸ್ತರರೇ ಇಲ್ಲ ಅನ್ನೋದು ಮಾತ್ರ ಈ ದಾರಿಯಲ್ಲಿ ಬಗೆಹರಿಯಲ್ಲ. ಮಂಡಳಿ ದುಡ್ಡಿಂದ ಕೋಣೆ ಏಳಬಹುದು, ಕಾಯಂ ಹುದ್ದೆ ತುಂಬಬೇಕಾದ್ದು ಸರ್ಕಾರ. ಅದಕ್ಕೆ ವಿಧಾನ ಪರಿಷತ್ತಿನಲ್ಲಿರುವ ಈಶಾನ್ಯ ಶಿಕ್ಷಕರ ಕ್ಷೇತ್ರದ ಸದಸ್ಯರನ್ನು ಹಿಡಿಯಿರಿ. ಪ್ರೌಢಶಾಲೆಯವರಾದ ನಿಮಗೆ ಅಲ್ಲಿ ಓಟಿದೆ, ಪ್ರಾಥಮಿಕ ಶಾಲೆಯವರಿಗೆ ಅದೂ ಇಲ್ಲ. ತಾಲ್ಲೂಕಿನ ಹತ್ತಾರು ಮುಖ್ಯಗುರುಗಳು ಸೇರಿ, ವಿಷಯವಾರು ಖಾಲಿ ಹುದ್ದೆಗಳ ಒಂದೇ ಪಟ್ಟಿ ಮಾಡಿ ಕೊಡಿ. ಗಣಿತ, ವಿಜ್ಞಾನ, ಇಂಗ್ಲಿಷ್ ಮೇಲಿರಲಿ.