ಧೂಳೆಲ್ಲ ಒಂದೇ ಅಲ್ಲ: ಮುಳಬಾಗಿಲಿನ ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ಮರುಭೂಮಿಯ ಧೂಳನ್ನು ಕುರಿತ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಕೋಲಾರದ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ನಿಮ್ಮ ಭಾಷೆ ತಿಳಿಯಾಗಿದೆ. ಕೊರತೆ ಇರುವುದು ವಿಷಯದಲ್ಲಿ. ಸಹಾರಾದ ಧೂಳನ್ನೂ ಥಾರ್‌ನ ಧೂಳನ್ನೂ ಒಂದೇ ವಸ್ತುವೆಂದು ಬಗೆದು, ಅದು ಬಿಸಿಲನ್ನು ತಡೆದು ಭೂಮಿಯನ್ನು ತಂಪಾಗಿಸುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದೀರಿ.

ಧೂಳಿನ ಹೆಚ್ಚಿನ ಪಾಲು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಹಾಗೂ ಇಲೈಟ್, ಕೆಯೊಲಿನೈಟ್‌ಗಳಂತಹ ಜೇಡಿ ಖನಿಜಗಳು. ಕಣ್ಣಿಗೆ ಕಾಣುವ ಬೆಳಕನ್ನು ಇವು ಚದುರಿಸುತ್ತವೆಯೇ ಹೊರತು ಹೀರುವುದು ತೀರ ಕಡಿಮೆ. ಹೀರುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು, ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಕೆಲವೇ ಪಾಲಿರುವ ಹೆಮಟೈಟ್ ಮತ್ತು ಗೋಥೈಟ್ ಎಂಬ ಕಬ್ಬಿಣದ ಆಕ್ಸೈಡ್‌ಗಳು. ಅವು ನೇರಳಾತೀತ ಮತ್ತು ನೀಲಿ ಬೆಳಕನ್ನು ಹೀರಿ ಕೆಂಪನ್ನು ಉಳಿಸುವುದರಿಂದಲೇ ಧೂಳಿಗೆ ಆ ಬಣ್ಣ. ನಮ್ಮ ಜಿಲ್ಲೆಯ ಕೆಮ್ಮಣ್ಣಿಗೂ ಕಾರಣ ಇಂತಹ ಆಕ್ಸೈಡ್‌ಗಳೇ. ನಿಮ್ಮ ಓದುಗರು ದಿನವೂ ತುಳಿಯುವ ಈ ಮಣ್ಣು ಲೇಖನದಲ್ಲಿ ಒಮ್ಮೆಯೂ ಬಾರದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಕಬ್ಬಿಣದ ಪ್ರಮಾಣವೊಂದನ್ನೇ ಹೇಳಿದರೂ ಸಾಲದು. ಹೆಮಟೈಟ್ ಬಿಡಿ ಕಣಗಳಾಗಿದೆಯೋ, ಜೇಡಿಯ ಕಣಗಳೊಳಗೆ ಬೆರೆತು ಅಂಟಿಕೊಂಡಿದೆಯೋ ಎಂಬುದರ ಮೇಲೆ, ಹಾಗೆಯೇ ಕಣಗಳ ಗಾತ್ರದ ಮೇಲೆ ಹೀರುವಿಕೆ ಬದಲಾಗುತ್ತದೆ. ಚಾಡ್ ದೇಶದ ಬೊಡೆಲೆ ತಗ್ಗಿನಿಂದ ಏಳುವ ಧೂಳು ಬತ್ತಿದ ಸರೋವರದ ತಳದ ಡಯಾಟಮ್ ಮಣ್ಣಾದ್ದರಿಂದ (ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದ ಮಣ್ಣು) ಬಿಳಿಚಿಕೊಂಡಿರುತ್ತದೆ. ಸಹಾರಾದ ದಕ್ಷಿಣ ಅಂಚಿನ, ಕಬ್ಬಿಣ ಹೆಚ್ಚಿರುವ ಸಾಹೆಲ್ ಪ್ರದೇಶದ ಕೆಂಪು ಧೂಳಿನಂತೆ ಅದು ಬೆಳಕನ್ನು ಹೀರುವುದಿಲ್ಲ. ಆಫ್ರಿಕಾದ ಧೂಳೆಂದು ಒಂದೇ ಸಾಲಿನಲ್ಲಿ ಮುಗಿಸಿದಾಗ ಈ ಅಂತರವೇ ಕಣ್ಮರೆಯಾಗುತ್ತದೆ.

ತಂಪಾಗುತ್ತದೆಂಬ ತೀರ್ಮಾನವೂ ಎಲ್ಲೆಡೆ ನಿಲ್ಲದು. ಕಪ್ಪಗೆ ಕಾಣುವ ಕಡಲಿನ ಮೇಲೆ ಧೂಳು ಬಿಸಿಲನ್ನು ಹಿಂದಕ್ಕೆ ಕಳಿಸಿ ತಂಪು ತರಬಹುದು, ಆದರೆ ಹೊಳೆಯುವ ಮರಳಿನ ಮೇಲೆ ಅದೇ ಧೂಳು ಬಿಸಿಯನ್ನು ಹೆಚ್ಚಿಸಬಲ್ಲದು. ಇದಲ್ಲದೆ ಸುಮಾರು 9 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಕ್ವಾರ್ಟ್ಜ್, 7ರ ಹತ್ತಿರ ಕ್ಯಾಲ್ಸೈಟ್ ಅವಕೆಂಪು ಕಿರಣಗಳನ್ನು ಬಲವಾಗಿ ಹೀರುತ್ತವೆ. ಹಗಲಲ್ಲಿ ನಿರುಪದ್ರವಿ ಎನಿಸುವ ಖನಿಜಗಳು ನೆಲದಿಂದ ಮೇಲೇರುವ ಶಾಖವನ್ನು ಹಿಡಿದಿಡುವುದು ಹೀಗೆ.

2022ರಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ಎಮಿಟ್ ಉಪಕರಣ ಒಣನಾಡುಗಳ ಮೇಲ್ಮಣ್ಣಿನ ಖನಿಜಗಳನ್ನು ಗುರುತಿಸುತ್ತಿರುವುದು, ಧೂಳು ಭೂಮಿಯನ್ನು ತಂಪಾಗಿಸುತ್ತದೋ ಬಿಸಿಯಾಗಿಸುತ್ತದೋ ಎಂಬ ಇದೇ ಪ್ರಶ್ನೆಗಾಗಿ. ಬಿರುಗಾಳಿಯ ವರ್ಣನೆಯ ಮೊದಲ ಪುಟವನ್ನು ಕೈಬಿಟ್ಟು, ಹೆಮಟೈಟ್‌ನಿಂದ ಆರಂಭಿಸಿ ಬರೆದು ಕಳಿಸಿ. ಮತ್ತೆ ಓದಲು ಕಾಯುತ್ತಿರುತ್ತೇನೆ.

— ಸಂಪಾದಕ