ಹೆಪ್ಪು ಕೇಳಲು ಬಂದ ಕಾಕು

ತಂಗಿ, ನಿನ್ನ ಪತ್ರ ಮೂರು ಸಲ ಓದಿದೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹನ್ನೊಂದು ವರ್ಷದ ಸಂಸಾರ. ಕುಡಿದಾಗ ಗಂಡ ಕೈಮಾಡುತ್ತಾನೆ, ಕುಡಿಯದಾಗಲೂ ಮಾಡುತ್ತಾನೆ. ಈಗ ಈ ಫ್ಲ್ಯಾಟ್ ಮಾರಿ ಬದ್ಲಾಪುರದಲ್ಲಿ ಅವನ ತಾಯಿಯ ಹೆಸರಲ್ಲಿ ದೊಡ್ಡ ಮನೆ ತಗೋಳೋಣ, ಜಾಗ ಬದಲಾದರೆ ತಾನೂ ಬದಲಾಗುತ್ತೇನೆ ಅನ್ನುತ್ತಾನೆ. ಊರಿಂದ ನಿನ್ನ ಅಣ್ಣ ಫೋನ್ ಮಾಡಿ 'ಹೊಂದಿಕೊಂಡು ಹೋಗು' ಎಂದಿದ್ದಾನೆ. ಒಪ್ಪಲಾ ಎಂದು ಕೇಳಿದ್ದೀಯ.

ಪತ್ರದ ಕೊನೆಗೆ ಸುಮ್ನೆ ಒಂದು ಮಾತು ಬರೆದಿದ್ದೀಯ. ಚೌತಿಯ ಹಿಂದಿನ ರಾತ್ರಿ ಅವನು ನಿನ್ನ ಜಡೆ ಹಿಡಿದು ಎಳೆಯುತ್ತಿದ್ದಾಗ ಬೆಲ್ ಆಯಿತು. ಎದುರು ಮನೆಯ ಮರಾಠಿ ಕಾಕು, ಕೈಯಲ್ಲಿ ಸ್ಟೀಲ್ ಬಟ್ಟಲು, ಮೊಸರಿಗೆ ಹೆಪ್ಪು ಬೇಕಿತ್ತು ಅಂದರು. ಅವನು ಜಡೆ ಬಿಟ್ಟು ಒಳಗೆ ಹೋದ. ರಾತ್ರಿ ಹನ್ನೊಂದೂವರೆಗೆ ಯಾರಾದರೂ ಹೆಪ್ಪು ಕೇಳುತ್ತಾರಾ ತಂಗಿ? ಕಾಕುಗೆ ಎಲ್ಲಾ ಗೊತ್ತು. 2008ರಲ್ಲಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 'ಬೆಲ್ ಬಜಾವೋ' ಅಂತ ಪ್ರಚಾರ ನಡೆದಿತ್ತು. ಪಕ್ಕದ ಮನೆಯಲ್ಲಿ ಹೊಡೆತ ಕೇಳಿಸಿದರೆ ಹೋಗಿ ಬೆಲ್ ಒತ್ತಿ, ಏನಾದರೂ ನೆಪ ಹೇಳಿ ಎಂದು. ಕಾಕು ಅದನ್ನೇ ಮಾಡಿದ್ದು. ಅರ್ಧ ಮನೆಗಳಿಗೆ ಬೀಗ ಬಿದ್ದಿರುವ ಹೊಸ ಕಟ್ಟಡದಲ್ಲಿ ನಿನಗಾಗಿ ಯಾರು ಬೆಲ್ ಒತ್ತುತ್ತಾರೆ?

ನನಗೆ ಜಾಸ್ತಿ ಸಿಟ್ಟು ಬಂದದ್ದು ನಿನ್ನ ಅಣ್ಣನ ಮೇಲೆ. ತವರಿನ ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಎಷ್ಟೋ ಗಂಡಸರ ಕೈ ಮೇಲೇಳುವುದಿಲ್ಲ. 'ಹೊರಟು ಬಾ, ನಾನಿದ್ದೇನೆ' ಅನ್ನಲು ಅವನಿಗೇನು ಕಷ್ಟವಾಗಿತ್ತು?

ಹೆಣ್ಣಿನ ಹೆಸರಲ್ಲಿ ಒಂದು ಸೂರಿರಲಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ. ಕೇರಳದ ಹೆಂಗಸರ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಬಂತು. ಮನೆಯೂ ಜಮೀನೂ ಇಲ್ಲದವರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಪೆಟ್ಟು ತಿಂದಿದ್ದರು. ಎರಡೂ ಇದ್ದವರಲ್ಲಿ 7 ಮಂದಿ. ನಿನ್ನ ಬಳೆ ಮಾರಿ ಕೊಂಡ ಈ ಫ್ಲ್ಯಾಟ್ ಇಬ್ಬರ ಹೆಸರಲ್ಲೂ ಇದೆ, ಅಲ್ವಾ? ಹಾಗಿದ್ದರೆ ಮಾರುವ ಕಾಗದಕ್ಕೆ ಸಹಿ ಹಾಕಬೇಡ. ನಾನು ಹೇಳುವುದು ಅದೊಂದೇ.

ಆದರೆ ರಾತ್ರಿ ಒಬ್ಬಳೇ ಇದ್ದಾಗ ಅವನ ಎದುರು ನಿಂತು 'ಇಲ್ಲ' ಅನ್ನಬೇಡ. ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ಪೆಟ್ಟು ತಿಂದವರಿಗೆ ನೆರವಾಗಲು ಸರ್ಕಾರ ಇಟ್ಟಿರುವ ಸಂರಕ್ಷಣಾ ಅಧಿಕಾರಿಯನ್ನು ಕೇಳು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ, ನೀವಿರುವ ಮನೆಯನ್ನು ಅವನು ಮಾರಕೂಡದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು.

ಕಾಕುವಿನ ಬಟ್ಟಲು ಇನ್ನೂ ನಿನ್ನ ಅಡುಗೆಮನೆಯಲ್ಲೇ ಇದೆ ಎಂದಿದ್ದೀಯ. ನಾಳೆ ಅವನು ಲೋಕಲ್ ಹಿಡಿದ ಮೇಲೆ ಅದನ್ನು ತೊಳೆದು ತಗೊಂಡು ಹೋಗು. ಮನೆಯ ಕಾಗದಗಳ ಝೆರಾಕ್ಸ್ ಅವರ ಕೈಗೆ ಕೊಡು. ಎಲ್ಲವನ್ನೂ ಬಾಯಿಬಿಟ್ಟು ಹೇಳು. ಇನ್ನೊಮ್ಮೆ ಸದ್ದು ಕೇಳಿದರೆ ಬೆಲ್ ಒತ್ತಿ, 112ಕ್ಕೂ ಫೋನ್ ಮಾಡಿ ಎಂದು ಕೇಳಿಕೋ.