ಮುಧೋಳದ ಮರಿಗೆ ಪೇಡೆ ಬೇಡ

ಮಾನ್ಯರೇ,

ನಾಲ್ಕು ತಿಂಗಳ ಮುಧೋಳ ನಾಯಿಮರಿಯೊಂದು ಧಾರವಾಡದ ನಿಮ್ಮ ಮನೆಗೆ ಬಂದಿದೆ. ಅಜ್ಜಿಯವರು ಹಾಲು-ರೊಟ್ಟಿಯ ಮೇಲೆ ದಿನಾಲೂ ಒಂದು ಪೇಡೆ ತಿನ್ನಿಸುತ್ತಾರೆ, ಆದರೂ ಪಕ್ಕೆಲುಬು ಎಣಿಸುವಂತಿದೆ ಎಂದು ನೆರೆಯವರು ಆಡಿಕೊಳ್ಳುತ್ತಾರೆ, ಮನೆಯಲ್ಲಿ ಒಂದು ಜೊತೆ ಚಪ್ಪಲಿಯೂ ನೆಟ್ಟಗೆ ಉಳಿದಿಲ್ಲ, ಹಾಗಾದರೆ ಯಾವ ಆಹಾರ, ಯಾವ ಆಟಿಕೆ ತರಬೇಕು ಎಂದು ಕೇಳಿದ್ದೀರಿ.

ಮೊದಲು ಪಕ್ಕೆಲುಬಿನ ಮಾತು. ಮುಧೋಳ ನಾಯಿ ಓಡಿ ಬೇಟೆ ಹಿಡಿಯುವ ತಳಿಯಾದ್ದರಿಂದ ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ ಅದರ ಹುಟ್ಟು ಮೈಕಟ್ಟು; ಲ್ಯಾಬ್ರಡಾರ್ ಪಕ್ಕದಲ್ಲಿ ನಿಲ್ಲಿಸಿದರೆ ಯಾವಾಗಲೂ ಉಪವಾಸ ಬಿದ್ದಂತೆಯೇ ಕಾಣುತ್ತದೆ. ಜಂತಿನ ಔಷಧ ಸಮಯಕ್ಕೆ ಹಾಕಿಸಿದ್ದು, ಮರಿ ಚುರುಕಾಗಿದ್ದರೆ, ನೆರೆಯವರ ಕಣ್ಣಿಗಾಗಿ ಅದನ್ನು ದಪ್ಪ ಮಾಡಬೇಕಿಲ್ಲ.

ಆದರೆ ಹಾಲು-ರೊಟ್ಟಿಯೊಂದೇ ಸಾಲದು. ಜೋಳ ಹೊಟ್ಟೆ ತುಂಬಿಸುತ್ತದೆಯೇ ಹೊರತು ಬೆಳೆಯುವ ಮರಿಗೆ ಬೇಕಾದಷ್ಟು ಪ್ರೋಟೀನು ಕೊಡುವುದಿಲ್ಲ. ತಾಯಿಹಾಲು ಬಿಟ್ಟ ಮರಿಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕುಗ್ಗುವುದರಿಂದ ಹಲವಕ್ಕೆ ಭೇದಿಯೂ ಆಗುತ್ತದೆ. ನಿಮ್ಮ ಸಸ್ಯಾಹಾರಿ ಮನೆಯಲ್ಲಿ ಬೇಯಿಸಿದ ತತ್ತಿಗೆ ಒಪ್ಪಿಗೆ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಮರಿಗಳಿಗೆಂದೇ ತಯಾರಾದ ಸಮತೋಲಿತ ಒಣ ಆಹಾರವನ್ನು ಮುಖ್ಯ ಊಟವಾಗಿಸಿ, ರೊಟ್ಟಿ, ಮೊಸರು ಅದರ ಪಕ್ಕಕ್ಕೆ ಸ್ವಲ್ಪವಷ್ಟೇ ಇರಲಿ. ಹೊಸದನ್ನು ಒಮ್ಮೆಲೇ ಹಾಕದೆ, ಹಳೆಯದರಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ 7ರಿಂದ 10 ದಿನಗಳಲ್ಲಿ ಬದಲಿಸಿ. ಪೇಡೆ ಎಂದರೆ ಖೋವಾ, ಸಕ್ಕರೆ, ಅದನ್ನು ನಿಲ್ಲಿಸಲೇಬೇಕು. ಅದಕ್ಕಿಂತ ಅಪಾಯದ್ದು ಸಂಜೆಯ ಚುರುಮುರಿ ಗಿರಮಿಟ್ಟು. ಅದರಲ್ಲಿನ ಉಳ್ಳಾಗಡ್ಡಿ, ಹಾಗೆಯೇ ಬಳ್ಳೊಳ್ಳಿ, ಹಸಿಯಾಗಿರಲಿ ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಚಾಕೊಲೇಟ್ ಸಹ ವಿಷವೇ.

ಇನ್ನು ಚಪ್ಪಲಿ. ಈ ವಯಸ್ಸಿನಲ್ಲಿ ಮರಿಯ 28 ಹಾಲುಹಲ್ಲುಗಳು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಹಲ್ಲುಗಳು ಬರುತ್ತವೆ. ವಸಡು ತುರಿಸುತ್ತದೆ, ಅದಕ್ಕೇ ಮರಿ ಅಗಿಯುತ್ತದೆ. ಹಳೆಯ ಚಪ್ಪಲಿಯನ್ನೇ ಆಟಕ್ಕೆ ಕೊಡುವವರಿದ್ದಾರೆ. ಹಳೆಯದಕ್ಕೂ ನಿನ್ನೆ ಕೊಂಡದ್ದಕ್ಕೂ ಇರುವ ವ್ಯತ್ಯಾಸ ಮರಿಗೆ ಹೇಗೆ ತಿಳಿಯಬೇಕು? ರಬ್ಬರಿನ ಆಟಿಕೆ ಕೊಳ್ಳುವಾಗ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ: ಸ್ವಲ್ಪವೂ ಒಳಗೆ ಹೋಗದಷ್ಟು ಗಟ್ಟಿಯಾಗಿದ್ದರೆ ಹಲ್ಲು ಮುರಿದೀತು. ಇಡಿಯಾಗಿ ಬಾಯಿಯೊಳಗೆ ಹೋಗುವಷ್ಟು ಚಿಕ್ಕದೂ ಬೇಡ. ನಮ್ಮ ಮನೆಯ ನಾಯಿ ಅಂಗಡಿಯಿಂದ ತಂದ ಅರಳೆಯ ಮೊಲದ ಹೊಟ್ಟೆಯನ್ನು ಹದಿನೈದು ನಿಮಿಷದಲ್ಲಿ ಸೀಳಿ, ಒಳಗಿನ ಪೀಪಿಯನ್ನು ದವಡೆಯಲ್ಲಿ ಒತ್ತಿಕೊಂಡು ಕೂತಿತ್ತು. ಪೀಪಿ ಕೂಗಿದ್ದರಿಂದ ನಮಗೆ ಗೊತ್ತಾಯಿತು, ಇಲ್ಲದಿದ್ದರೆ ನುಂಗಿರುತ್ತಿತ್ತು. ಹಗ್ಗದ ಆಟಿಕೆಯೂ ಎಳೆ ಬಿಟ್ಟ ದಿನವೇ ಕಸಕ್ಕೆ ಹೋಗಬೇಕು. ನುಂಗಿದ ದಾರ ಕರುಳನ್ನು ನೆರಿಗೆಗಟ್ಟಿಸುತ್ತದೆ.

ಅಜ್ಜಿಯವರ ಕೈ ಸುಮ್ಮನಿರದಿದ್ದರೆ ಫ್ರಿಜ್ಜಿನಲ್ಲಿಟ್ಟ ದಪ್ಪ ಗಜ್ಜರಿಯನ್ನು ಕೊಟ್ಟು, ಮರಿ ಅಗಿದು ಮುಗಿಸುವವರೆಗೆ ಎದುರಿಗೇ ಕೂತಿರಲು ಹೇಳಿ.

– ಸಂಪಾದಕ